ಯಂತ್ರಕ್ಕೆ ತಕ್ಕ ಗಣಕ

ಬೆಂಗಳೂರಿನ ಪೀಣ್ಯದ ಕಡೆ ನನ್ನ ಪರಿಚಯದವರೊಬ್ಬರ ಸಣ್ಣ ವರ್ಕ್‌ಷಾಪು ಇದೆ. ಅಲ್ಲಿ ಒಂದು ಮಿಲ್ಲಿಂಗ್ ಯಂತ್ರ. ಅದರ ಪಕ್ಕದಲ್ಲಿ ಮರದ ಸ್ಟೂಲಿನ ಮೇಲೆ, ಧೂಳು ಬೀಳದಂತೆ ಹಳೆಯ ಪಂಚೆಯ ತುಂಡನ್ನು ಹೊದಿಸಿಟ್ಟ ಒಂದು ಕಂಪ್ಯೂಟರು. ಅದಕ್ಕೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಪ್ರಾಯ. ಯಂತ್ರದ ಮೇಜನ್ನು ಎತ್ತ ಸರಿಸಬೇಕು, ಕಟ್ಟರನ್ನು ಎಷ್ಟು ಇಳಿಸಬೇಕು ಎಂದು ಆಜ್ಞೆ ಕೊಡುವುದೇ ಅದರ ಉದ್ಯೋಗ. ಮೊನ್ನೆ ನಾನು ಹೋದಾಗ ಅದರ ವಿಷಯವಾಗಿಯೇ ತಂದೆ ಮಕ್ಕಳಿಗೆ ವಾದ ನಡೆದಿತ್ತು.

“ಅಪ್ಪ, ಇದನ್ನು ಇನ್ನಾದರೂ ಗುಜರಿಗೆ ಹಾಕೋಣ. ನನ್ನ ಜೇಬಿನಲ್ಲಿರೋ ಫೋನು ಇದಕ್ಕಿಂತ ಎಷ್ಟೋ ಪಾಲು ಚುರುಕು” ಎಂದ ಮಗ.

“ಚುರುಕು ಯಾರಿಗೆ ಬೇಕಪ್ಪ? ಇಷ್ಟು ವರ್ಷದಲ್ಲಿ ಇದು ಒಂದು ಜಾಬನ್ನೂ ಕೆಡಿಸಿಲ್ಲ” ಎಂದರು ತಂದೆ. ಆಮೇಲೆ ನನ್ನ ಕಡೆ ತಿರುಗಿ, “ನೀವೇ ನ್ಯಾಯ ಹೇಳಿ ಸ್ವಾಮಿ” ಎಂದರು.

ನಾನು ಯಂತ್ರದ ಹಿಡಿ ತಿರುಗಿಸಿ ಬದುಕಿದವನಲ್ಲ. ಯಂತ್ರಗಳ ಚರಿತ್ರೆಯನ್ನು ಓದುವ ಚಪಲವುಳ್ಳವನು, ಅಷ್ಟೆ. ಆದರೆ ಈ ವ್ಯಾಜ್ಯಕ್ಕೆ ನ್ಯಾಯ ಹೇಳಬೇಕಾದರೆ ಚರಿತ್ರೆಯ ಸಾಕ್ಷ್ಯವೇ ಬೇಕು ಎಂದು ನನಗೆ ತೋರಿತು. ಆ ಸಾಕ್ಷ್ಯವನ್ನು ವಾಚಕರ ಮುಂದೂ ಇಡುತ್ತೇನೆ.

ಯಂತ್ರಕ್ಕೆ ಆಜ್ಞೆಯನ್ನು ತೂತುಗಳ ರೂಪದಲ್ಲಿ ಬರೆದು ಕೊಡುವ ಉಪಾಯ ಇಂದು ನಿನ್ನೆಯದಲ್ಲ. ಫ್ರಾನ್ಸಿನ ಲಿಯಾನ್ ಪಟ್ಟಣದ ಜ್ಯಾಕಾರ್ಡ್ 1804ರ ಸುಮಾರಿಗೆ ರೇಷ್ಮೆಯ ಮಗ್ಗಕ್ಕೆ ತೂತು ಕೊರೆದ ರಟ್ಟುಗಳ ಮಾಲೆಯನ್ನು ಜೋಡಿಸಿ, ಹೂಬಳ್ಳಿಗಳನ್ನು ತಾನಾಗಿ ನೇಯುವಂತೆ ಮಾಡಿದ. ನಮ್ಮ ನೇಕಾರರ ಮನೆಗಳಲ್ಲಿ ಜಕಾರ್ಡು ಎಂಬ ಮಾತು ಈಗಲೂ ಬಳಕೆಯಲ್ಲಿದೆ. ಆದರೆ ನೂಲನ್ನು ಎತ್ತಿ ಇಳಿಸುವುದು ಬೇರೆ. ಉಕ್ಕನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೆತ್ತುವುದು ಬೇರೆ. ಈ ಎರಡನೆಯ ಕೆಲಸಕ್ಕೆ ಇನ್ನೂ ಸುಮಾರು ನೂರೈವತ್ತು ವರ್ಷ ಕಾಯಬೇಕಾಯಿತು.

ಅದಕ್ಕೆ ಕಾರಣವಾದದ್ದು ಹೆಲಿಕಾಪ್ಟರಿನ ರೆಕ್ಕೆ. ಅಮೆರಿಕದ ಮಿಷಿಗನ್ ಸಂಸ್ಥಾನದ ಟ್ರಾವರ್ಸ್ ಸಿಟಿ ಎಂಬ ಊರಿನಲ್ಲಿ ಜಾನ್ ಪಾರ್ಸನ್ಸ್ ಎಂಬಾತ 1940ರ ದಶಕದಲ್ಲಿ ಹೆಲಿಕಾಪ್ಟರಿನ ಅಲಗುಗಳನ್ನು ತಯಾರಿಸುತ್ತಿದ್ದ. ಅಲಗಿನ ಬಾಗನ್ನು ಅಳೆಯಲು ತಗಡಿನ ಅಚ್ಚುಗಳು ಬೇಕು. ಗ್ರಾಹಕರು ಕೊಡುತ್ತಿದ್ದದ್ದು ಆ ಬಾಗಿನ ಮೇಲಿನ 17 ಬಿಂದುಗಳನ್ನು ಮಾತ್ರ. ನಡುವಿನದನ್ನು ಕುಶಲಕರ್ಮಿ ಕಣ್ಣಂದಾಜಿನಿಂದ ಗೆರೆ ಎಳೆದು ತುಂಬಬೇಕು. ಪಾರ್ಸನ್ಸನ ಜೊತೆಗಾರ ಇಂಜಿನಿಯರು ಫ್ರಾಂಕ್ ಸ್ಟುಲೆನ್, ಕಛೇರಿಯ ಲೆಕ್ಕಕ್ಕೆ ಬಳಸುವ ಐಬಿಎಂ ಕಾರ್ಡು ಯಂತ್ರದಿಂದ 200 ಬಿಂದುಗಳನ್ನು ಗುಣಿಸಿ ತೆಗೆದ. ಆಮೇಲೆ ಮಿಲ್ಲಿಂಗ್ ಯಂತ್ರದ ಮುಂದೆ ಮೂವರು ನಿಂತರು. ಒಬ್ಬ ಅಂಕೆಗಳನ್ನು ಗಟ್ಟಿಯಾಗಿ ಓದಿ ಹೇಳುವುದು; ಒಬ್ಬ ಮೇಜನ್ನು ಎಡಬಲಕ್ಕೆ, ಇನ್ನೊಬ್ಬ ಹಿಂದುಮುಂದಕ್ಕೆ ಅಷ್ಟಷ್ಟೇ ತಿರುಗಿಸುವುದು. ಹೀಗೆ ಕೈಯಿಂದ ನಡೆಸಿದ ಈ ಆಟವೇ ಮುಂದಿನದಕ್ಕೆಲ್ಲ ಬೀಜವಾಯಿತು. ಓದುವವನನ್ನೂ ತಿರುಗಿಸುವವರನ್ನೂ ತೆಗೆದು ಆ ಜಾಗಕ್ಕೆ ಯಂತ್ರವನ್ನೇ ಏಕೆ ತರಬಾರದು ಎಂಬುದು ಪಾರ್ಸನ್ಸನ ಪ್ರಶ್ನೆ.

1949ರಲ್ಲಿ ಅಮೆರಿಕದ ವಾಯುಸೇನೆ ಇದಕ್ಕೆ ಹಣ ಕೊಡಲು ಒಪ್ಪಿತು. ಪಾರ್ಸನ್ಸ್ ಸಹಾಯಕ್ಕೆಂದು ಎಂಐಟಿಯ ಸರ್ವೋಮೆಕಾನಿಸಂ ಪ್ರಯೋಗಶಾಲೆಯನ್ನು ಕರೆದ. ನೆರವಿಗೆಂದು ಬಂದವರು ಕ್ರಮೇಣ ಯಜಮಾನರಾದರು. ಮೂಲದ ಮನುಷ್ಯ ಬದಿಗೆ ಸರಿದ. ಅವನಿಗೂ ಸ್ಟುಲೆನ್‌ಗೂ 1958ರಲ್ಲಿ ಪೇಟೆಂಟು ದೊರೆತದ್ದೂ 1985ರಲ್ಲಿ ರಾಷ್ಟ್ರೀಯ ಪದಕ ಬಂದದ್ದೂ ತುಸು ತಡವಾಗಿ ಸಂದ ನ್ಯಾಯ. ಅದೇನೇ ಇರಲಿ, 1952ರ ಸೆಪ್ಟೆಂಬರಿನಲ್ಲಿ ಎಂಐಟಿಯವರು ತಮ್ಮ ಯಂತ್ರವನ್ನು ಜನರ ಮುಂದೆ ನಡೆಸಿ ತೋರಿಸಿದರು. ಸಿನ್ಸಿನಾಟಿ ಸಂಸ್ಥೆಯ ಒಂದು ದೊಡ್ಡ ಮಿಲ್ಲಿಂಗ್ ಯಂತ್ರ. ಅದನ್ನಾಳಲು 292 ನಿರ್ವಾತ ನಳಿಕೆಗಳನ್ನು ತುಂಬಿದ ಬೀರುಗಳು. ಆಜ್ಞೆಗೆ ತೂತು ಕೊರೆದ ಕಾಗದದ ಪಟ್ಟಿ. ದುಡಿಯುವ ಯಂತ್ರಕ್ಕಿಂತ ಅದನ್ನಾಳುವ ಬೀರುಗಳೇ ಹೆಚ್ಚು ಜಾಗ ಹಿಡಿದಿದ್ದುವು.

ಆ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತೆಂಬುದನ್ನು ಮರೆಯಬಾರದು. ಯುದ್ಧ ಮುಗಿದ ಹೊಸತರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವರು ಬೇರೊಂದು ಉಪಾಯ ಹೂಡಿದರು. ಪಳಗಿದ ಕುಶಲಕರ್ಮಿ ಒಂದು ಸಲ ತನ್ನ ಕೈಯಿಂದ ಕೆಲಸ ಮಾಡುವುದು. ಅವನ ಚಲನೆಗಳನ್ನು ಹಾಡು ಮುದ್ರಿಸಿದಂತೆ ಕಾಂತದ ಪಟ್ಟಿಯ ಮೇಲೆ ಮುದ್ರಿಸಿಕೊಳ್ಳುವುದು. ಮತ್ತೆ ಬೇಕಾದಾಗ ಯಂತ್ರ ಅದನ್ನೇ ನಡೆಸುವುದು. ಈ ಪದ್ಧತಿ ಮುಂದುವರಿಯಲಿಲ್ಲ. ಡೇವಿಡ್ ನೋಬಲ್ ಎಂಬ ಇತಿಹಾಸಕಾರ 1984ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದಕ್ಕೆ ಕಾರಣ ಹುಡುಕಿದ್ದಾನೆ. ಕಾಗದದ ಪಟ್ಟಿಯ ದಾರಿ ಗೆದ್ದದ್ದು ಅದರ ಗುಣದಿಂದಷ್ಟೇ ಅಲ್ಲ. ವಿದ್ಯೆ ಕೆಲಸಗಾರನ ಕೈಯಲ್ಲಿ ಉಳಿಯದೆ ಆಡಳಿತದ ಕಛೇರಿಗೆ ಹೋಗಲೆಂಬ ಬಯಕೆಯೂ ಅದರ ಹಿಂದೆ ಇತ್ತು ಎಂಬುದು ಅವನ ವಾದ. ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೆ ಒಂದು ಮಾತು ನಿಜ: ಯಂತ್ರಕ್ಕೆ ಯಾವ ಗಣಕ ಎಂದು ಆರಿಸುವಾಗ, ಆ ಯಂತ್ರದ ಗುಟ್ಟು ಯಾರ ಕೈಯಲ್ಲಿರಬೇಕೆಂಬುದನ್ನೂ ನಾವು ಆರಿಸುತ್ತೇವೆ.

ಪಟ್ಟಿಗೆ ತೂತು ಕೊರೆಯುವುದು ಬಹು ಬೇಸರದ ಕೆಲಸ. ಅದನ್ನು ಹಗುರ ಮಾಡಲು ಡಗ್ಲಸ್ ರಾಸ್ ಎಂಬಾತನ ನೇತೃತ್ವದಲ್ಲಿ ಎಂಐಟಿಯವರು ಏಪಿಟಿ ಎಂಬ ಭಾಷೆಯನ್ನು ಕಟ್ಟಿದರು. 1959ರ ಫೆಬ್ರವರಿಯಲ್ಲಿ ಅದನ್ನು ಪ್ರಕಟಿಸಿದಾಗ ಪತ್ರಿಕಾಕರ್ತರಿಗೆ ಆ ಭಾಷೆಯ ಆಜ್ಞೆಯಂತೆ ಕೆತ್ತಿದ ಅಲ್ಯುಮಿನಿಯಂ ಬೂದಿಬಟ್ಟಲುಗಳನ್ನು ಉಡುಗೊರೆ ಕೊಟ್ಟರಂತೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಗಿನ ಏರ್ಪಾಟಿನಲ್ಲಿ ಕೆಲಸ ಎರಡು ಪಾಲಾಗಿತ್ತು. ದೂರದಲ್ಲೆಲ್ಲೋ ಇರುವ ದೊಡ್ಡ ಗಣಕ ರೇಖಾಗಣಿತದ ಲೆಕ್ಕವನ್ನೆಲ್ಲ ಮಾಡಿ ಪಟ್ಟಿಯ ಮೇಲೆ ಬರೆದುಕೊಡುವುದು. ಯಂತ್ರದ ಪಕ್ಕದ ಬೀರು ಆ ಪಟ್ಟಿಯನ್ನು ಓದಿ, ಹೊತ್ತಿಗೆ ಸರಿಯಾಗಿ ಹೆಜ್ಜೆ ಹಾಕಿಸುವುದು. ಒಂದು ಪಂಡಿತ, ಇನ್ನೊಂದು ತಾಳಗಾರ. ಈ ವಿಭಾಗವನ್ನು ನೆನಪಿನಲ್ಲಿಡಿ. ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇವೆ.

1970ರ ದಶಕದಲ್ಲಿ ಮೈಕ್ರೊಪ್ರೊಸೆಸರುಗಳು ಬಂದುವು, ಬೀರು ಪೆಟ್ಟಿಗೆಯಾಯಿತು. ಜಪಾನಿನ ಫುಜಿತ್ಸು ಸಂಸ್ಥೆಯೊಳಗೆ 1956ರಲ್ಲಿ ಮೊಳೆತು 1972ರಲ್ಲಿ ಬೇರೆಯಾದ ಫನಕ್ ಸಂಸ್ಥೆ ಈ ಪೆಟ್ಟಿಗೆಗಳನ್ನು ಲೋಕಕ್ಕೆಲ್ಲ ಹಂಚಿತು. ಅಲ್ಲಿಂದ ಒಂದು ಹೊಸ ಕಷ್ಟ ಹುಟ್ಟಿತು. ಅದು ಆಯುಸ್ಸಿನ ಕಷ್ಟ.

ನಮ್ಮ ನಾಡಿನ ಉದಾಹರಣೆಯನ್ನೇ ನೋಡೋಣ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಹುಟ್ಟಿತು. 1962ರಲ್ಲಿ ಅದೇ ನಗರದಲ್ಲಿ ಯಂತ್ರೋಪಕರಣಗಳ ಕೇಂದ್ರ ಸಂಶೋಧನ ಸಂಸ್ಥೆ ಏರ್ಪಟ್ಟಿತು. ಎಚ್ಚೆಮ್ಟಿ ಲೇತು ಎಂದರೆ ವರ್ಕ್‌ಷಾಪುಗಳಲ್ಲಿ ಇವತ್ತಿಗೂ ಒಂದು ಗೌರವ. ಎರಕದ ಕಬ್ಬಿಣದ ಆ ಹಾಸು, ಎಣ್ಣೆ ಕಾಣುತ್ತಿದ್ದರೆ, ತಂದೆಯ ಕಾಲ ಕಳೆದು ಮಗನ ಕಾಲಕ್ಕೂ ದುಡಿಯುತ್ತದೆ. ಸವೆದರೆ ಕೆರೆದು ಸಮ ಮಾಡಿ ಮತ್ತೆ ನಿಲ್ಲಿಸಬಹುದು. ಆದರೆ ಗಣಕದ ಆಯುಸ್ಸು? ಹತ್ತೋ ಹದಿನೈದೋ ವರ್ಷದಲ್ಲಿ ಅದರ ಬಿಡಿಭಾಗ ಸಿಗುವುದಿಲ್ಲ. ಮಾಡಿದವರೇ ಅದನ್ನು ಮರೆತಿರುತ್ತಾರೆ. ಆನೆಯಂಥ ದೇಹಕ್ಕೆ ಜಿಂಕೆಯ ಆಯುಸ್ಸಿನ ತಲೆ ಕಟ್ಟಿದಂತಾಯಿತು. ಒಂದೇ ದೇಹ ತನ್ನ ಬಾಳಿನಲ್ಲಿ ಮೂರು ನಾಲ್ಕು ತಲೆಗಳನ್ನು ಬದಲಾಯಿಸಬೇಕು. ಹಳೆಯ ಗಣಕವೋ ಹೊಸದೋ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ದೊಡ್ಡ ಕಾರ್ಖಾನೆಗಳು ಹಣ ಕೊಟ್ಟು ಹೊಸ ತಲೆ ತರಿಸಿಕೊಂಡುವು. ಸಣ್ಣವರ ಪಾಲಿಗೆ ವರವಾಗಿ ಬಂದದ್ದು 1981ರಲ್ಲಿ ಐಬಿಎಂ ಹೊರತಂದ ಮೇಜಿನ ಮೇಲಿನ ಕಂಪ್ಯೂಟರು. ಅದರ ಬೆನ್ನಿಗೆ ಪ್ರಿಂಟರನ್ನು ಸಿಕ್ಕಿಸಲೆಂದು ಇಪ್ಪತ್ತೈದು ಕಂಡಿಗಳ ಒಂದು ಕಿಂಡಿ ಇತ್ತು. ಪ್ಯಾರಲಲ್ ಪೋರ್ಟು ಎಂದು ಅದರ ಹೆಸರು. ಅಲ್ಲಿನ ತಂತಿಗಳಲ್ಲಿ ಐದು ವೋಲ್ಟಿನ ವಿದ್ಯುತ್ತನ್ನು ಬೇಕೆಂದಾಗ ಏರಿಸಬಹುದು, ಇಳಿಸಬಹುದು. ಅಕ್ಷರ ಮುದ್ರಿಸಲು ಇಟ್ಟ ಆ ಕಿಂಡಿಯಿಂದ ಮೋಟಾರು ತಿರುಗಿಸಬಹುದೆಂದು ಜಾಣರು ಕಂಡುಕೊಂಡರು. ಸ್ಟೆಪ್ಪರ್ ಮೋಟಾರು ಎಂಬುದು ಒಂದು ಮಿಡಿತಕ್ಕೆ ಒಂದು ಹೆಜ್ಜೆ ಇಡುವ ಮೋಟಾರು. ಸಾಮಾನ್ಯವಾಗಿ 200 ಹೆಜ್ಜೆಗೆ ಒಂದು ಸುತ್ತು. ಒಂದು ತಂತಿಯಲ್ಲಿ ದಿಕ್ಕು, ಇನ್ನೊಂದರಲ್ಲಿ ಹೆಜ್ಜೆ. ಇಷ್ಟೇ ಅದರ ವ್ಯಾಕರಣ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಬೇಸರಪಡಬೇಡಿ, ವ್ಯಾಜ್ಯದ ಜೀವ ಇರುವುದು ಇಲ್ಲೇ. ಒಂದೊಂದು ಹೆಜ್ಜೆಯನ್ನೂ ಹತ್ತು ಪಾಲು ಮಾಡಿದ್ದೇವೆಂದುಕೊಳ್ಳಿ. ಸುತ್ತಿಗೆ 2,000 ಮಿಡಿತ. ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರು ಸರಿಯುವುದಾದರೆ, ಮಿಲಿಮೀಟರಿಗೆ 400 ಮಿಡಿತ. ಮೇಜು ನಿಮಿಷಕ್ಕೆ 3 ಮೀಟರಿನಂತೆ ಓಡಬೇಕಾದರೆ ಸೆಕೆಂಡಿಗೆ 20,000 ಮಿಡಿತ. ಎಂದರೆ ಮಿಡಿತಕ್ಕೂ ಮಿಡಿತಕ್ಕೂ ನಡುವೆ 50 ಮೈಕ್ರೊಸೆಕೆಂಡು. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಐವತ್ತು ಪಾಲು. ಇದು ಗಣಕಕ್ಕೆ ಭಾರವಾದ ಲೆಕ್ಕವಲ್ಲ. ಆದರೆ ಮಿಡಿತ ಆ ಗಳಿಗೆಗೇ ಬರಬೇಕು. ಗಣಕ ಬೇರೇನನ್ನೋ ನೋಡುತ್ತ 200 ಮೈಕ್ರೊಸೆಕೆಂಡು ಮೈಮರೆತರೆ ನಾಲ್ಕು ಮಿಡಿತ ತಪ್ಪಿತು. ವೇಗದಲ್ಲಿರುವ ಮೋಟಾರು ಮುಗ್ಗರಿಸುತ್ತದೆ. ಮುಗ್ಗರಿಸಿದ್ದು ಗಣಕಕ್ಕೆ ತಿಳಿಯುವುದೂ ಇಲ್ಲ, ಏಕೆಂದರೆ ಇಂಥ ಮೋಟಾರು ಸಾಮಾನ್ಯವಾಗಿ ತಿರುಗಿ ವರದಿ ಕೊಡುವುದಿಲ್ಲ. ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಸೊಟ್ಟ. ನಾಲ್ಕು ಗಂಟೆ ದುಡಿದ ಉಕ್ಕಿನ ತುಂಡು ಗುಜರಿಗೆ.

ಸಂಗೀತ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೃದಂಗದವರ ಬೆರಳು ಮಿಂಚಿನಂತೆ ಓಡಬಹುದು. ಸಮಕ್ಕೆ ಬಾರದಿದ್ದರೆ ಆ ವೇಗವೆಲ್ಲ ಏನು ಚೆಂದ? ನಿಧಾನವಾದರೂ ಲಯ ತಪ್ಪದವರೇ ಪಕ್ಕವಾದ್ಯಕ್ಕೆ ಲೇಸು. ಯಂತ್ರವನ್ನಾಳುವ ಗಣಕದಿಂದ ನಾವು ಬೇಡುವುದು ವೇಗವನ್ನಲ್ಲ, ಲಯವನ್ನು.

ಹಳೆಯ ಡಾಸ್ ಪದ್ಧತಿಯ ಕಂಪ್ಯೂಟರಿಗೆ ಈ ಲಯ ಸಹಜವಾಗಿತ್ತು. ಅದು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಿತ್ತು. ಬೇರೆ ಯಾರೂ ಅದನ್ನು ಕೂಗಿ ಕರೆಯುತ್ತಿರಲಿಲ್ಲ. ಹೊಸ ಕಂಪ್ಯೂಟರಾದರೋ ಮದುವೆಮನೆಯ ಯಜಮಾನನಂತೆ. ಪರದೆಯನ್ನು ನೋಡಬೇಕು, ಜಾಲದ ಮಾತು ಕೇಳಬೇಕು, ವಿದ್ಯುತ್ತು ಉಳಿಸಲು ಆಗಾಗ ತೂಕಡಿಸಬೇಕು, ಮೈ ಬಿಸಿಯಾಯಿತೇ ಎಂದು ಮುಟ್ಟಿ ನೋಡಿಕೊಳ್ಳಬೇಕು. ಇವುಗಳಲ್ಲಿ ಕೆಲವನ್ನು ಅದರ ಒಳಗಿನ ಮೂಲ ವ್ಯವಸ್ಥೆಯೇ ಯಾರನ್ನೂ ಕೇಳದೆ ನಡೆಸುತ್ತದೆ. ನಾವು ಹಾಕಿದ ಪ್ರೋಗ್ರಾಮಿಗೆ ಅದರ ಸುಳಿವೂ ಸಿಗುವುದಿಲ್ಲ. ಮಡಿಲ ಮೇಲಿಡುವ ಲ್ಯಾಪ್‌ಟಾಪುಗಳಲ್ಲಿ ಈ ಚಾಳಿ ಇನ್ನೂ ಹೆಚ್ಚು. ಸರಾಸರಿ ನೋಡಿದರೆ ಮಹಾ ವೇಗಿ. ಬೇಕಾದ ಗಳಿಗೆಯಲ್ಲಿ ಮಾತ್ರ ಎಲ್ಲೋ ಹೋಗಿರುತ್ತಾನೆ.

ಇದನ್ನು ಅಳೆದು ನೋಡುವ ಸಾಧನ ಒದಗಿದ್ದು ಸಾರ್ವಜನಿಕ ಹಣದಿಂದ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1990ರ ದಶಕದಲ್ಲಿ ಯಂತ್ರ ನಿಯಂತ್ರಣದ ಒಂದು ಪ್ರೋಗ್ರಾಮನ್ನು ರಚಿಸಿ, ಜನರಲ್ ಮೋಟಾರ್ಸ್‌ನ ಕಾರ್ಖಾನೆಯಲ್ಲಿ ಪರೀಕ್ಷಿಸಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಹವ್ಯಾಸಿಗಳೂ ಇಂಜಿನಿಯರುಗಳೂ ಸೇರಿ ಅದನ್ನು ಬೆಳೆಸಿದರು. 2011ರಿಂದ ಅದಕ್ಕೆ ಲಿನಕ್ಸ್‌ಸಿಎನ್‌ಸಿ ಎಂದು ಹೆಸರು. ಅದರೊಡನೆ ಒಂದು ಸಣ್ಣ ಪರೀಕ್ಷೆ ಬರುತ್ತದೆ. ಗಣಕ ಹೇಳಿದ ಹೊತ್ತಿಗಿಂತ ಎಷ್ಟು ತಡವಾಗಿ ಎದ್ದಿತೆಂಬುದನ್ನು ಅದು ಅಳೆಯುತ್ತಲೇ ಹೋಗಿ, ಎಲ್ಲಕ್ಕಿಂತ ಕೆಟ್ಟ ತಡವನ್ನು ಮಾತ್ರ ಬರೆದಿಡುತ್ತದೆ. ಸರಾಸರಿಗೆ ಅಲ್ಲಿ ಬೆಲೆಯಿಲ್ಲ. ಆ ಅಂಕೆ 20 ಮೈಕ್ರೊಸೆಕೆಂಡಿನ ಒಳಗಿದ್ದರೆ ಉತ್ತಮ; ನೂರಾರು ಆದರೆ ಆ ಗಣಕ ಎಷ್ಟು ಬೆಲೆಯದಾದರೂ ತಾನೇ ಮಿಡಿತ ಕಳಿಸುವ ಈ ಕೆಲಸಕ್ಕೆ ಬಾರದು. ಈ ಪರೀಕ್ಷೆಯಲ್ಲಿ ಕಛೇರಿಗಳು ಹೊರಹಾಕಿದ ಹಳೆಯ ಮೇಜುಗಣಕ ಗೆದ್ದು, ಹೊಳೆಯುವ ಹೊಸ ಲ್ಯಾಪ್‌ಟಾಪು ಸೋತ ಪ್ರಸಂಗಗಳು ಅಪರೂಪವಲ್ಲ. ಪೀಣ್ಯದ ಆ ತಂದೆಯ ಅನುಭವಕ್ಕೆ ಶಾಸ್ತ್ರದ ಆಧಾರ ಇದು.

ಹಾಗಾದರೆ ಹಳೆಯದೇ ಲೇಸು ಎಂದು ತೀರ್ಪು ಕೊಟ್ಟು ಎದ್ದುಬಿಡಬಹುದೆ? ಅಷ್ಟು ಸುಲಭವಲ್ಲ. ಮಗನ ಪಕ್ಷಕ್ಕೂ ಸಾಕ್ಷಿಗಳಿವೆ. ಹಳೆಯ ಗಣಕದ ಕೆಪಾಸಿಟರುಗಳು ಒಣಗಿಯೋ ಉಬ್ಬಿಯೋ ಕೆಡುತ್ತವೆ. ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಾದ ಅನೇಕ ಗಣಕಗಳು ಈ ರೋಗದಿಂದಲೇ ಸತ್ತುವು. ತಿರುಗುವ ಡಿಸ್ಕು ಒಂದು ದಿನ ನಿಲ್ಲುತ್ತದೆ. ಫ್ಲಾಪಿ ಸಿಗುವುದಿಲ್ಲ. ಪ್ಯಾರಲಲ್ ಪೋರ್ಟು ಹೊಸ ಮೇಜುಗಣಕಗಳಿಂದ ಬಹುಮಟ್ಟಿಗೆ ಮಾಯವಾಗಿದೆ. ಇನ್ನು ಹಳೆಯ ವಿಂಡೋಸ್ ಇರುವ ಗಣಕವನ್ನು ಜಾಲಕ್ಕೆ ಸೇರಿಸುವುದಂತೂ ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಹಬ್ಬಿದಾಗ ರೆನೋ ಮೋಟಾರು ಕಾರ್ಖಾನೆಗಳು ಕೆಲಸ ನಿಲ್ಲಿಸಬೇಕಾಯಿತು. ಮರುವರ್ಷದ ಆಗಸ್ಟಿನಲ್ಲಿ ಅದೇ ಪಿಡುಗಿನ ಮರಿಯೊಂದು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯ ಯಂತ್ರಗಳನ್ನು ಹಿಡಿಯಿತು.

ಇದಕ್ಕಿಂತಲೂ ಸಣ್ಣ ಕಾರಣಕ್ಕೆ ದೊಡ್ಡ ನಷ್ಟವಾಗುವುದುಂಟು. ನಾನು ಬಲ್ಲ ಇನ್ನೊಂದು ವರ್ಕ್‌ಷಾಪಿನಲ್ಲಿ ಹಳೆಯ ನಿಯಂತ್ರಕದ ನೆನಪನ್ನು ಒಂದು ಸಣ್ಣ ಬ್ಯಾಟರಿ ಕಾಯುತ್ತಿತ್ತು. ದೀರ್ಘ ರಜೆಯಲ್ಲಿ ವಿದ್ಯುತ್ತು ಆರಿಸಿದ್ದಾಗ ಆ ಬ್ಯಾಟರಿ ಸತ್ತಿತು. ಯಂತ್ರ ತನ್ನ ಸ್ಕ್ರೂವಿನ ಅಳತೆಯನ್ನೂ ಮೇಜಿನ ಎಲ್ಲೆಯನ್ನೂ ಮರೆತು ಕೂತಿತು. ಆ ಅಂಕೆಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಕಬ್ಬಿಣಕ್ಕೆ ಏನೂ ಆಗಿರಲಿಲ್ಲ. ಆದರೂ ವಾರಗಟ್ಟಲೆ ಕೆಲಸ ನಿಂತು, ಬರಬೇಕಾಗಿದ್ದ ಆರ್ಡರು ಬೇರೆಯವರ ಪಾಲಾಯಿತು.

ಹೀಗಿರುವಾಗ ಪರಿಹಾರ ಎಲ್ಲಿಂದ ಬಂತು? ವಿಚಿತ್ರವೆಂದರೆ ಅದು ಅತ್ಯಂತ ಸಣ್ಣ ಗಣಕದಿಂದ ಬಂತು. 2009ರಲ್ಲಿ ಜಿಆರ್‌ಬಿಎಲ್ ಎಂಬ ಒಂದು ಉಚಿತ ಪ್ರೋಗ್ರಾಮು ಹೊರಬಂತು. ಅದು ಓಡುವುದು ಆರ್ಡುಯಿನೊ ಎಂಬ ಅಂಗೈಯಗಲದ ಹಲಗೆಯ ಮೇಲೆ. ಅದರ ಚಿಪ್ಪಿನ ವೇಗ 16 ಮೆಗಾಹರ್ಟ್ಸ್. ಕೆಲಸದ ನೆನಪು ಎರಡೇ ಕಿಲೋಬೈಟು. ಹೊಸ ಗಣಕಗಳ ಮುಂದೆ ಇದು ಯಾವ ಮೂಲೆಗೆ? ಆದರೂ ಅದು ಸೆಕೆಂಡಿಗೆ 30,000 ಮಿಡಿತಗಳನ್ನು ಲಯ ತಪ್ಪದೆ ಕಳಿಸುತ್ತದೆ, ಏಕೆಂದರೆ ಅದಕ್ಕೆ ಬೇರೆ ಉದ್ಯೋಗವಿಲ್ಲ. ಆಜ್ಞೆಗಳನ್ನು ಸಾಲುಸಾಲಾಗಿ ಕೊಡುವ ಕೆಲಸವನ್ನು ಯಾವ ಹೊಸ ಲ್ಯಾಪ್‌ಟಾಪಾದರೂ ಮಾಡಲಿ. ಅದು ನಡುವೆ ತುಸು ತೂಕಡಿಸಿದರೂ ಚಿಂತೆಯಿಲ್ಲ, ಹಲಗೆಯ ಕೈಯಲ್ಲಿ ಮುಂದಿನ ಕೆಲವು ಸಾಲುಗಳು ಇದ್ದೇ ಇರುತ್ತವೆ. ದೊಡ್ಡ ಯಂತ್ರಗಳಿಗೆ ಇದೇ ಕೆಲಸ ಮಾಡುವ ಇನ್ನೂ ಸಮರ್ಥ ಕಾರ್ಡುಗಳಿವೆ. ಇತ್ತ ಲಿನಕ್ಸಿನ ಮೂಲದಲ್ಲಿಯೇ, ಹೊತ್ತು ತಪ್ಪದಂತೆ ನಡೆಸುವ ವ್ಯವಸ್ಥೆ ದೀರ್ಘ ಪ್ರಯತ್ನದ ನಂತರ 2024ರಲ್ಲಿ ಸೇರಿಕೊಂಡಿತು.

ಈಗ ಹಿಂದಕ್ಕೆ ತಿರುಗಿ ನೋಡಿ. ಲೆಕ್ಕಕ್ಕೆ ಒಂದು ಗಣಕ, ಲಯಕ್ಕೆ ಇನ್ನೊಂದು. ಪಂಡಿತನೂ ತಾಳಗಾರನೂ ಬೇರೆ ಬೇರೆ. ಇದು 1959ರ ಏರ್ಪಾಟೇ ಅಲ್ಲವೆ? ಕಾಗದದ ಪಟ್ಟಿ ಇದ್ದ ಜಾಗದಲ್ಲಿ ಒಂದು ತಂತಿ ಬಂದಿದೆ, ಅಷ್ಟೆ. ಆ ತಂತಿಯಲ್ಲಿ ಹರಿಯುವ ಆಜ್ಞೆಗಳೂ ಬಹುಮಟ್ಟಿಗೆ ಹಳೆಯವೇ. ನೇರವಾಗಿ ಕೊರೆಯಲು ಜಿ 1, ಗಡಿಯಾರದ ಮುಳ್ಳಿನಂತೆ ಬಾಗಿ ಕೊರೆಯಲು ಜಿ 2 ಎಂಬ ಆ ಚುಟುಕು ಮಾತುಗಳು ಪಟ್ಟಿಯ ಕಾಲದಲ್ಲಿ ಹುಟ್ಟಿದವು. ಇವತ್ತಿನ ಯಂತ್ರವೂ ಅದನ್ನೇ ಕೇಳುತ್ತದೆ. ಅಗ್ಗದ ಕಂಪ್ಯೂಟರು ಬಂದ ಸಂತೋಷದಲ್ಲಿ ನಾವು ಎರಡು ಕೆಲಸವನ್ನೂ ಒಬ್ಬನ ತಲೆಗೆ ಕಟ್ಟಿದ್ದೆವು. ಹಳೆಯ ಕಂಪ್ಯೂಟರು ಹೇಗೋ ಹೊತ್ತಿತು. ಹೊಸದು ಹೊರಲಾರದೆ ಎಡವಿತು. ತಪ್ಪು ಹೊಸದರದೂ ಅಲ್ಲ, ಹಳೆಯದರದೂ ಅಲ್ಲ. ಕೆಲಸ ಹಂಚಿದ ರೀತಿಯದು.

ಇಷ್ಟನ್ನೂ ಪೀಣ್ಯದ ಆ ತಂದೆ ಮಕ್ಕಳಿಗೆ ಚಹಾ ಕುಡಿಯುತ್ತ ಹೇಳಿದೆ. ಮಗ ಮಾತಿಗಿಂತ ಪರೀಕ್ಷೆಯನ್ನು ನಂಬುವವನು. ಹಳೆಯ ಕಂಪ್ಯೂಟರನ್ನೂ ತನ್ನ ಲ್ಯಾಪ್‌ಟಾಪನ್ನೂ ಇಡೀ ರಾತ್ರಿ ಅಳತೆಗೆ ಹಚ್ಚಿದ. ಬೆಳಗ್ಗೆ ಹಳೆಯದು ಮಿತಿಯ ಒಳಗಿತ್ತು. ಲ್ಯಾಪ್‌ಟಾಪು ಬಹಳ ದೂರ ದಾಟಿತ್ತು. ತಂದೆ ಮೀಸೆಯಲ್ಲೇ ನಕ್ಕರು. ಆದರೆ ಮಗ ಹಳೆಯದರ ಮುಚ್ಚಳ ಬಿಚ್ಚಿ ಉಬ್ಬಿದ ಎರಡು ಕೆಪಾಸಿಟರುಗಳನ್ನು ಬೆರಳಿಟ್ಟು ತೋರಿಸಿದಾಗ ಆ ನಗು ನಿಂತಿತು.

“ಹಾಗಾದರೆ ಇದು ಇನ್ನೆಷ್ಟು ದಿನವೋ?” ಎಂದರು.

“ಹೇಳೋಕಾಗಲ್ಲ ಅಪ್ಪ. ಅದಕ್ಕೇ ಮೊದಲು ಅಂಕೆಗಳನ್ನೆಲ್ಲ ಬರೆದಿಟ್ಟುಕೊಳ್ಳೋಣ.”

ಒಂದು ನೋಟುಬುಕ್ಕು ಬಂತು. ಮಿಲಿಮೀಟರಿಗೆ ಎಷ್ಟು ಮಿಡಿತ, ಯಾವ ತಂತಿ ಯಾವ ಮೋಟಾರಿಗೆ, ಸ್ಕ್ರೂವಿನ ಸಡಿಲು ಎಷ್ಟು, ಮೇಜಿನ ಎಲ್ಲೆ ಎಲ್ಲಿ, ಎಲ್ಲವನ್ನೂ ತಂದೆ ಹೇಳುತ್ತ ಹೋದರು. ಮಗ ಬರೆಯುತ್ತ ಹೋದ. ಕೆಲವು ಸಂಗತಿಗಳು ಗಣಕದಲ್ಲಿಯೂ ಇರಲಿಲ್ಲ. ಬೆಳಗ್ಗೆ ಯಂತ್ರ ತಣ್ಣಗಿರುವಾಗ ಹತ್ತು ನಿಮಿಷ ಬರಿದೇ ಓಡಿಸಬೇಕು, ಎಡಗಡೆಯಿಂದ ಬಂದರೆ ಅಳತೆ ಸರಿ, ಬಲಗಡೆಯಿಂದ ಬಂದರೆ ತುಸು ಬಿಡಬೇಕು ಎಂಬಂಥವು. ಅವೂ ಪುಸ್ತಕಕ್ಕೆ ಇಳಿದುವು.

ಮಿಡಿತ ಕಳಿಸುವ ಹೊಸ ಹಲಗೆಗೆ ಆರ್ಡರು ಹೋಗಿದೆ. ಅದು ಬಂದು, ಮೇಣದ ತುಂಡಿನ ಮೇಲೆ ಪರೀಕ್ಷೆಯಾಗಿ ಗೆಲ್ಲುವವರೆಗೆ ಹಳೆಯದೇ ದುಡಿಯಬೇಕು. ಜಾಲದ ತಂತಿಯನ್ನು ಅದಕ್ಕೆ ಯಾರೂ ಸಿಕ್ಕಿಸಬಾರದು ಎಂದು ತೀರ್ಮಾನವಾಯಿತು. ಅಪಾಯದಲ್ಲಿ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಮಾತ್ರ ಯಾವ ಗಣಕದ ಮರ್ಜಿಗೂ ಬೀಳದೆ ನೇರ ವಿದ್ಯುತ್ತನ್ನೇ ಕತ್ತರಿಸಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ನಾನು ಹೊರಡುವ ಹೊತ್ತಿಗೆ ಯಂತ್ರ ಮತ್ತೆ ಓಡತೊಡಗಿತ್ತು. ತಂದೆ ಪಂಚೆಯ ತುಂಡನ್ನು ಕೊಡವಿ ಹಳೆಯ ಗಣಕದ ಮೇಲೆ ಹೊದಿಸಿದರು. ನೋಟುಬುಕ್ಕನ್ನು ಮಗ ಒಳಗೆ ತೆಗೆದಿಟ್ಟ.